ಮಾಸ್ತರರ ಹಗೇವು

ನವಲಗುಂದ, ನರಗುಂದ, ರೋಣ ತಾಲೂಕುಗಳ ಎರೆಸೀಮೆಯ ಹಳೆಯ ಊರುಗಳಲ್ಲಿ ಹಗೇವು ಎಂಬುದೊಂದು ಇರುತ್ತಿತ್ತು. ನೆಲವನ್ನು ಆಳವಾಗಿ ತೋಡಿ, ಒಳಮೈಗೆ ಹುಲ್ಲು ಹೊದಿಸಿ, ಜೋಳವನ್ನು ತುಂಬಿ, ಕಿರಿದಾದ ಬಾಯಿಗೆ ಚಪ್ಪಡಿಕಲ್ಲನ್ನು ಇಟ್ಟು ಮಣ್ಣೆಳೆದುಬಿಟ್ಟರೆ ಧಾನ್ಯವು ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ತೆರೆಯುವಾಗ ಮಾತ್ರ ಅವಸರ ಸಲ್ಲದು. ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಬಾಯಿ ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು; ಅದು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಈ ಎಚ್ಚರಿಕೆಯ ಮಾತು 1986ರಲ್ಲಿ ಒಂಬತ್ತನೆಯ ಇಯತ್ತೆಯ ಬಾಲಕನೊಬ್ಬನು ಬರೆದು ತಂದ ಚೀಟಿಯ ಮೇಲೆ ದಾಖಲಾಗಿದೆ. ಆ ಚೀಟಿಯಿಂದಲೇ ಈ ಪ್ರಸಂಗವು ಆರಂಭವಾಗುತ್ತದೆ.

ಚೀಟಿಯನ್ನು ಬರೆಯಿಸಿದವರು ಮಠದ ಪ್ರೌಢಶಾಲೆಯಲ್ಲಿ 1978ರಿಂದ 2012ರವರೆಗೆ ಕನ್ನಡವನ್ನು ಬೋಧಿಸಿ ನಿವೃತ್ತರಾದ ಮಾಸ್ತರರು. ದೀಪಾವಳಿಯ ರಜೆ ಬಂತೆಂದರೆ ಅವರು ಪ್ರತಿಯೊಬ್ಬ ವಿದ್ಯಾರ್ಥಿಯ ಕೈಗೂ ಹತ್ತು ಖಾಲಿ ಚೀಟಿಗಳನ್ನು ಕೊಡುತ್ತಿದ್ದರು. ಪಠ್ಯಪುಸ್ತಕದಲ್ಲಿಲ್ಲದ, ಆದರೆ ಮನೆಯಲ್ಲಿ, ಹೊಲದಲ್ಲಿ, ಕಣದಲ್ಲಿ ಹಿರಿಯರು ಆಡುವ ಹತ್ತು ಮಾತುಗಳನ್ನು ಅರ್ಥಸಹಿತ ಬರೆದು ತರಬೇಕು. ಅದೇ ರಜೆಯ ಅಭ್ಯಾಸ. ಹೀಗೆ ಕೂರಿಗೆ, ಕುಂಟೆ, ರಂಟೆ, ಮೇಟಿ, ಹಂತಿ, ಮಿಣಿ, ಜತ್ತಿಗೆ, ಅಕ್ಕಡಿ ಮೊದಲಾದ ನೂರಾರು ಪದಗಳು ಬಂದು ಬಿಸ್ಕೀಟಿನ ಖಾಲಿ ಡಬ್ಬಿಗಳಲ್ಲಿ ಶೇಖರವಾದವು. ಟ್ರ್ಯಾಕ್ಟರು ಬಂದ ಮೇಲೆ ಜತ್ತಿಗೆಯನ್ನು ಕಂಡ ಮಕ್ಕಳೇ ಅಪರೂಪವಾದರೆಂಬುದನ್ನು ನೆನೆದರೆ ಆ ಡಬ್ಬಿಗಳ ಬೆಲೆ ತಿಳಿದೀತು.

2003ರಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬನು, ಆಗತಾನೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಸೇರಿದವನು, ಗುರುಗಳ ಹೆಸರಿನಲ್ಲಿ ಒಂದು ಜಾಲತಾಣವನ್ನು ನಿರ್ಮಿಸಿಕೊಟ್ಟನು. ಅದು ಆ ಕಾಲದ ಅಭಿರುಚಿಗೆ ತಕ್ಕಂತೆಯೇ ಇತ್ತು. ಪುಟದ ನೆತ್ತಿಯ ಮೇಲೆ ಬಲದಿಂದ ಎಡಕ್ಕೆ ಸದಾ ಹರಿಯುತ್ತಿದ್ದ ‘ಸುಸ್ವಾಗತ’. ಅದರಡಿಯಲ್ಲಿ ಶಾಲು, ಹಾರ, ಫಲತಾಂಬೂಲಗಳೊಡನೆ ಮಾಸ್ತರರ ಭಾವಚಿತ್ರ. ಹಳದಿಯ ಹಿನ್ನೆಲೆಯ ಮೇಲೆ ಕೆಂಪಕ್ಷರಗಳಲ್ಲಿ ಅವರಿಗೆ ಸಂದ ಸನ್ಮಾನಗಳ ಪಟ್ಟಿ. ಕೆಳಗೆ ಬಂದುಹೋದವರ ಸಂಖ್ಯೆಯನ್ನು ತೋರಿಸುವ ಎಣಿಕೆಯ ಪೆಟ್ಟಿಗೆ. ಪದಸಂಗ್ರಹವು ಐದನೆಯ ಕೊಂಡಿಯ ಹಿಂದೆ ಅಡಗಿತ್ತು. ಇದರಲ್ಲಿ ಶಿಷ್ಯನ ದೋಷವೇನೂ ಇಲ್ಲ. ಗುರುವನ್ನು ಮುಂದಿಟ್ಟು ಗುರುವಿನ ಕೆಲಸವನ್ನು ಹಿಂದಿಡುವುದು ಭಕ್ತಿಯ ಸ್ವಭಾವ. ಗುರುವು ಅದನ್ನು ಬೇಡವೆನ್ನದಿರುವುದು ಮನುಷ್ಯಸ್ವಭಾವ.

ಇಪ್ಪತ್ತು ವರ್ಷಗಳು ಕಳೆದವು. ಎಣಿಕೆಯ ಪೆಟ್ಟಿಗೆಯನ್ನು ಒದಗಿಸುತ್ತಿದ್ದವರು ಅಂಗಡಿ ಮುಚ್ಚಿದ್ದರಿಂದ ಅದರ ಜಾಗದಲ್ಲಿ ಒಡೆದ ಚಿತ್ರದ ಗುರುತೊಂದು ಉಳಿಯಿತು. ಉಳಿದುದೆಲ್ಲ ಮಾಸ್ತರರ ಮನೆಯ ಹಳೆಯ ಗಣಕದ ಪರದೆಯ ಮೇಲೆ ಮೊದಲಿನಂತೆಯೇ ಕಾಣುತ್ತಿತ್ತು. ಅವರು ಆಗಾಗ ತೆರೆದು ನೋಡಿ ತೃಪ್ತಿಪಡುತ್ತಿದ್ದರು.

2023ರ ಬೇಸಗೆಯಲ್ಲಿ ಒಂದು ಸಂಜೆ ದೂರವಾಣಿ ಬಂದಿತು. ಮಾತನಾಡಿದವನು ಹಗೇವಿನ ಚೀಟಿಯನ್ನು ತಂದುಕೊಟ್ಟಿದ್ದ ಆ ಬಾಲಕನೇ. ಈಗ ಐವತ್ತು ದಾಟಿದ ಬ್ಯಾಂಕ್ ಗುಮಾಸ್ತ. ನಲವತ್ತರ ನಂತರ ಅವನ ಎರಡೂ ಕಣ್ಣುಗಳ ದೃಷ್ಟಿ ಹೋಗಿತ್ತು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶದ ಆಸರೆಯಿಂದ ಬ್ಯಾಂಕಿನ ಕೆಲಸವನ್ನೂ ಮನೆಯ ಓದನ್ನೂ ಸಾಗಿಸುತ್ತಿದ್ದನು.

“ಗುರುಗಳ, ನಮಸ್ಕಾರರೀ. ಹಗೇವಿನ ಬಗ್ಗೆ ನಾವು ಬರಕೊಟ್ಟದ್ದು ನಿಮ್ಮ ತಾಣದಾಗ ಐತಿ ಅಂತ ಕೇಳಿದ್ದೆ. ಮಗನಿಗೆ ಕೇಳಿಸೋಣು ಅಂತ ತೆರದೆ. ನನ್ನ ಫೋನು ಒಂದಕ್ಕೊಂದು ಸಂಬಂಧ ಇಲ್ಲದ ಇಂಗ್ಲಿಷ್ ಅಕ್ಷರ ಒದರತೈತ್ರಿ. ಮಗ ನೋಡಿ, ಅಪ್ಪಾ ಇದರಾಗ ಕನ್ನಡಾನ ಇಲ್ಲ ಅಂತಾನ.”

ಮಾಸ್ತರರಿಗೆ ನಂಬಿಕೆಯಾಗಲಿಲ್ಲ. ತಮ್ಮ ಗಣಕವನ್ನು ತೆರೆದು ನೋಡಿದರು. ಕನ್ನಡವು ಸ್ವಚ್ಛವಾಗಿ ಕಾಣುತ್ತಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗಳ ಮಗಳು ರಜೆಗೆಂದು ಬಂದಿದ್ದಳು. ಅವಳು ತನ್ನ ಫೋನಿನಲ್ಲಿ ಅದೇ ಪುಟವನ್ನು ತೆರೆದು ಅಜ್ಜನ ಕೈಗೆ ಕೊಟ್ಟಳು. ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ ಎಂಬ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಮತ್ತೆ ಎ ಸಾಲಾಗಿ ನಿಂತಿದ್ದವು. “ಅಜ್ಜಾ, ಈ ಕಡತದಾಗ ಕನ್ನಡದ್ದು ಒಂದಕ್ಷರಾನೂ ಇಲ್ಲ. ಇಂಗ್ಲಿಷ್ ಅಕ್ಷರಕ್ಕ ಕನ್ನಡದ ಮುಖವಾಡ ಹಾಕ್ಯಾರ. ಆ ಮುಖವಾಡ ನಿನ್ನ ಕಂಪ್ಯೂಟರಿನಾಗಷ್ಟ ಐತಿ” ಎಂದಳು. ಹಲವು ವರ್ಷಗಳಿಂದ ಆ ಪುಟವನ್ನು ಸರಿಯಾಗಿ ಕಾಣುತ್ತಿದ್ದವರು ಪ್ರಾಯಶಃ ಮಾಸ್ತರರೊಬ್ಬರೇ.

ಇದಕ್ಕಾಗಿ ಯಾರನ್ನೂ ದೂಷಿಸುವಂತಿಲ್ಲ. ಲೋಕದ ಲಿಪಿಗಳ ಅಕ್ಷರಗಳಿಗೆಲ್ಲ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸುವ ಯುನಿಕೋಡ್ ಎಂಬ ವ್ಯವಸ್ಥೆಯಲ್ಲಿ 1991ರಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಓಣಿ ದೊರಕಿತ್ತು. ಆದರೆ ಸಾಮಾನ್ಯರ ಗಣಕಗಳಿಗೆ ಅದು ತಲುಪಿದ್ದು 2001ರಲ್ಲಿ ವಿಂಡೋಸ್ ಎಕ್ಸ್‌ಪಿಯು ತುಂಗಾ ಎಂಬ ಅಕ್ಷರಶೈಲಿಯೊಡನೆ ಬಂದಾಗ. ಅಲ್ಲಿಯವರೆಗೂ, ಅನಂತರವೂ ಎಷ್ಟೋ ವರ್ಷ, ಗಣಕದಲ್ಲಿ ಕನ್ನಡವನ್ನು ಹೊತ್ತು ನಡೆದವು 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ. ಆ ದಿನಗಳ ಉಪಾಯವೆಂದರೆ ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳ ಚಿತ್ರಗಳನ್ನು ಕೂರಿಸುವುದು. ಮುಂದೆ ‘ಬರಹ’, ‘ನುಡಿ’ ಎರಡೂ ಯುನಿಕೋಡಿಗೆ ಬಂದವು. ಮಾಸ್ತರರ ತಾಣವೊಂದು ಬರಲಿಲ್ಲ, ಅಷ್ಟೇ.

ತಾಣವನ್ನು ಹೊಸದಾಗಿ ಕಟ್ಟಬೇಕೆಂಬುದು ನಿಶ್ಚಯವಾಯಿತು. ಮೊಮ್ಮಗಳೇ ಕಟ್ಟಿಕೊಡುವಳೆಂದು ಮಾಸ್ತರರು ಭಾವಿಸಿದ್ದರು. ಅವಳಿಗೆ ಪರೀಕ್ಷೆಯಿತ್ತು. ಅಲ್ಲದೆ ಅವಳು ಆಡಿದ ಮಾತೂ ಯೋಗ್ಯವಾದುದೇ: “ಇವತ್ತು ನಾ ಮಾಡಿಕೊಟ್ರ ನಾಳೆ ಒಂದು ಪದ ತಿದ್ದಾಕೂ ನಾನ ಬರಬೇಕು. ನೀನ ಕಲಿ.” ಹೀಗೆ ಎಪ್ಪತ್ತರ ಹೊಸ್ತಿಲಲ್ಲಿ ನಿಂತ ಮಾಸ್ತರರು ನೂರು ಪುಟದ ನೋಟುಬುಕ್ಕೊಂದನ್ನು ಕೊಂಡು, ಮೊದಲ ಪುಟದಲ್ಲಿ ತಮ್ಮ ಹೆಸರು ಬರೆದು, ವಿದ್ಯಾರ್ಥಿಯಾದರು. ಮೊಜಿಲ್ಲಾ ಸಂಸ್ಥೆಯವರು ಉಚಿತವಾಗಿ ಇರಿಸಿರುವ ಕೈಪಿಡಿಯೇ ಪಠ್ಯ. ಬೆಳಿಗ್ಗೆ ಐದರಿಂದ ಏಳರವರೆಗೆ ತರಗತಿ. ಸಂದೇಹಗಳನ್ನು ಬರೆದಿಟ್ಟುಕೊಂಡು ರವಿವಾರ ಮೊಮ್ಮಗಳನ್ನು ಕೇಳುವುದು.

ಎಚ್‌ಟಿಎಂಎಲ್ ಎಂಬುದು ಕನ್ನಡದ ಅಧ್ಯಾಪಕನಿಗೆ ಕಠಿನವಾದ ವಿದ್ಯೆಯೇನಲ್ಲ. ಇದು ಶೀರ್ಷಿಕೆ, ಇದು ಪರಿಚ್ಛೇದ, ಇದು ಪಟ್ಟಿ ಎಂದು ಬರಹದ ಪ್ರತಿಯೊಂದು ಅಂಗಕ್ಕೂ ಗುರುತು ಹಚ್ಚುತ್ತ ಹೋಗುವುದು. ತೆರೆದ ಗುರುತನ್ನು ಮರೆಯದೆ ಮುಚ್ಚುವುದು. ವ್ಯಾಕರಣದ ತರಗತಿಯಲ್ಲಿ ವಾಕ್ಯವನ್ನು ಬಿಡಿಸಿ ಕರ್ತೃ, ಕರ್ಮ, ಕ್ರಿಯಾಪದಗಳಿಗೆ ಅಡಿಗೆರೆ ಎಳೆಯಿಸಿದವರಿಗೆ ಇದು ಪರಿಚಿತವೇ. ಆದರೆ ಒಂದು ಸಂಗತಿ ಅವರನ್ನು ಕೆರಳಿಸಿತು. ಬ್ರೌಸರ್ ತಪ್ಪನ್ನು ತೋರಿಸುವುದೇ ಇಲ್ಲ. ಮುಚ್ಚದ ಗುರುತನ್ನು ತಾನೇ ಎಲ್ಲೋ ಮುಚ್ಚಿಕೊಂಡು, ಅರ್ಥವಾಗದ ಸಾಲನ್ನು ಬಿಟ್ಟು, ಕಂಡಷ್ಟನ್ನು ಪ್ರದರ್ಶಿಸುತ್ತ ಮುಂದೆ ಹೋಗುತ್ತದೆ. ಒಂದು ದಿನ ದಪ್ಪಕ್ಷರದ ಗುರುತನ್ನು ಮುಚ್ಚಲು ಮರೆತುದರಿಂದ ಅರ್ಧ ಪುಟವೇ ದಪ್ಪಗಾಯಿತು. ತಪ್ಪಿನ ನೆಲೆಯನ್ನು ಕಾಣಲು ಮುಂಜಾನೆಯೆಲ್ಲ ಬೇಕಾಯಿತು. ಮೂವತ್ತನಾಲ್ಕು ವರ್ಷ ಕೆಂಪು ಶಾಯಿಯನ್ನು ಬಳಸಿದವರಿಗೆ ಇಂಥ ದಯಾಳುವಾದ ಪರೀಕ್ಷಕನು ಹಿಡಿಸಲಿಲ್ಲ. “ಎಲ್ಲಾರನೂ ಪಾಸು ಮಾಡತಾನ, ಯಾಕ ಪಾಸಾದಿ ಅಂತ ಹೇಳೂದಿಲ್ಲ” ಎಂದು ಗೊಣಗಿದರು.

ಆ ಕೈಪಿಡಿಯಲ್ಲಿಯೇ ಅವರಿಗೆ ಹಿಗ್ಗು ತಂದ ಸಂಗತಿಯೂ ದೊರೆಯಿತು. ಪದವನ್ನೂ ಅದರ ವಿವರಣೆಯನ್ನೂ ಜೋಡಿಜೋಡಿಯಾಗಿ ಇರಿಸಲೆಂದೇ ಒಂದು ಬಗೆಯ ಪಟ್ಟಿ ಅಲ್ಲಿ ಉಂಟು. ಅದು ಇತ್ತೀಚಿನ ಸೇರ್ಪಡೆಯಲ್ಲ. ಸ್ವಿಟ್ಜರ್ಲೆಂಡಿನ ಜಿನೀವಾ ಬಳಿಯ ಸರ್ನ್ ಸಂಶೋಧನಾಲಯದಲ್ಲಿ 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ಈ ಜಾಲದ ಪ್ರಸ್ತಾವವನ್ನು ಮಂಡಿಸಿದರು. ಅವರು ಹೊರಡಿಸಿದ ಮೊದಮೊದಲ ಗುರುತುಗಳ ಯಾದಿಯಲ್ಲಿಯೇ ಈ ನಿಘಂಟಿನ ಪಟ್ಟಿಯೂ ಇತ್ತು. 1993ರ ಏಪ್ರಿಲ್ 30ರಂದು ಆ ಸಂಸ್ಥೆಯು ಇಡೀ ವಿದ್ಯೆಯನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ವಿದ್ಯಾದಾನದ ಮಾತು ಬಂದಾಗ ಇದನ್ನೂ ನೆನೆಯಬೇಕು. ಎರೆಸೀಮೆಯ ಹಗೇವು, ಮೇಟಿಗಳಿಗೆ ಎಲ್ಲಿಯೋ ಒಬ್ಬರು ಮೊದಲೇ ಜಾಗವನ್ನು ಕಾದಿರಿಸಿದ್ದರೆಂದು ಮಾಸ್ತರರಿಗೆ ಅನ್ನಿಸಿತು.

ಮುಂದಿನದು ಹಳೆಯ ಕಡತವನ್ನು ಯುನಿಕೋಡಿಗೆ ಪರಿವರ್ತಿಸುವ ಕಾರ್ಯ. ಪರಿವರ್ತಕ ತಂತ್ರಾಂಶಗಳು ಧಾರಾಳವಾಗಿ ದೊರೆಯುತ್ತವೆ. ಕೆಲಸ ಕ್ಷಣಾರ್ಧದಲ್ಲಿ ಮುಗಿಯಿತು. ಮುಗಿದುದನ್ನು ಹೊಸ ಪುಟದಲ್ಲಿ ಸೇರಿಸಿ ತೆರೆದರೆ ಮತ್ತೆ ಅಪಭ್ರಂಶ! ಈ ಸಲದ ಅಪಭ್ರಂಶವು ಬೇರೆ ಬಗೆಯದು. ಪ್ರತಿಯೊಂದು ಅಕ್ಷರಕ್ಕೂ ಮೊದಲಲ್ಲಿ ಗೆರೆ ಹೊತ್ತ ಅದೇ ಚಿಕ್ಕ ಎ ಕಾಣುತ್ತಿತ್ತು. ಕಡತವು ಯುಟಿಎಫ್-8 ಎಂಬ ಪದ್ಧತಿಯಲ್ಲಿದೆಯೆಂದು ಪುಟದ ಆದಿಯಲ್ಲಿ ಘೋಷಿಸದಿದ್ದುದರ ಫಲವದು. ಆ ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ ಮೂರು ಬೈಟುಗಳು ಬೇಕು. ಘೋಷಣೆಯಿಲ್ಲದ ಪುಟವನ್ನು ಬ್ರೌಸರು ಇಂಗ್ಲಿಷೆಂದೇ ಬಗೆದು, ಮೂರನ್ನೂ ಬಿಡಿಬಿಡಿಯಾಗಿ ಮೂರು ಅಕ್ಷರಗಳೆಂದು ಓದಿತ್ತು. ಒಂದು ಸಾಲಿನ ಘೋಷಣೆಯನ್ನು ಸೇರಿಸಿದೊಡನೆ ಕನ್ನಡವು ಮೂಡಿತು. ಅದರ ಪಕ್ಕದಲ್ಲಿಯೇ, ಈ ಪುಟದ ಭಾಷೆ ಕನ್ನಡವೆಂದು ಸಾರುವ ಎರಡಕ್ಷರದ ಗುರುತನ್ನೂ ಇರಿಸಬೇಕೆಂದು ಮೊಮ್ಮಗಳು ತಿಳಿಸಿದಳು. ಕಣ್ಣಿಂದ ಓದುವವರಿಗೆ ಅದರಿಂದ ಏನೂ ವ್ಯತ್ಯಾಸ ಕಾಣದು. ಕಿವಿಯಿಂದ ಓದುವವರ ತಂತ್ರಾಂಶಕ್ಕೆ ಯಾವ ಭಾಷೆಯ ಧ್ವನಿಯನ್ನು ಎತ್ತಿಕೊಳ್ಳಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ಕನ್ನಡವು ಮೂಡಿದ ಮೇಲೆ ಮಾಸ್ತರರು ಒಂದು ಪದದ ಒಳಗಣ ರಚನೆಯನ್ನು ಬಿಡಿಸಿ ನೋಡಿದರು. ‘ಕರ್ನಾಟಕ’ ಎಂಬುದನ್ನೇ ತೆಗೆದುಕೊಳ್ಳೋಣ. ಹಳೆಯ ಕಡತದಲ್ಲಿ ಮೊದಲು ಕ, ಆಮೇಲೆ ನಾ, ಅದಾದ ಮೇಲೆ ಅರ್ಕಾವೊತ್ತಿನ ಕೊಂಡಿ, ಕಡೆಗೆ ಟ, ಕ. ಬರೆಯುವಾಗ ಕಣ್ಣಿಗೆ ಯಾವುದು ಎಡಕ್ಕೆ ಕಂಡಿತೋ ಅದು ಮೊದಲು. ಹೊಸ ಕಡತದಲ್ಲಿ ಕ, ಬಳಿಕ ರ, ಅದರ ಸ್ವರವನ್ನು ಕಳೆಯುವ ಚಿಹ್ನೆ, ಬಳಿಕ ನ, ಅದರ ದೀರ್ಘ, ಬಳಿಕ ಟ, ಕ. ನಾಲಗೆಯು ಯಾವುದನ್ನು ಮೊದಲು ನುಡಿಯಿತೋ ಅದು ಮೊದಲು. ಒತ್ತನ್ನು ಎಲ್ಲಿ ಕೂರಿಸಬೇಕೆಂಬ ಚಿಂತೆಯನ್ನು ಅಕ್ಷರಶೈಲಿಗೆ ಬಿಟ್ಟು, ಕಡತವು ಉಚ್ಚಾರದ ಕ್ರಮವೊಂದನ್ನೇ ಕಾಪಾಡುತ್ತದೆ. ಹಳೆಯದು ಕಣ್ಣಿನ ಕ್ರಮ, ಹೊಸದು ಕಿವಿಯ ಕ್ರಮ. ಅರ್ಕಾವೊತ್ತು ಮೊದಲು ಉಚ್ಚಾರವಾಗುತ್ತದೆ, ಕಡೆಗೆ ಬರೆಯಲ್ಪಡುತ್ತದೆ ಎಂದು ಪ್ರತಿವರ್ಷ ಎಂಟನೆಯ ಇಯತ್ತೆಗೆ ಹೇಳುತ್ತ ಬಂದವರು ಮಾಸ್ತರರೇ. ಆ ಭೇದದ ಮೇಲೆ ಒಬ್ಬ ಮನುಷ್ಯನ ಓದು ನಿಂತೀತೆಂದು ಅವರು ಊಹಿಸಿರಲಿಲ್ಲ. ಬ್ಯಾಂಕ್ ಗುಮಾಸ್ತನಿಗೆ ತಮ್ಮ ಪುಟವು ಏಕೆ ಮೂಕವಾಗಿತ್ತೆಂಬುದು ಅಂದು ಅವರಿಗೆ ಸಂಪೂರ್ಣವಾಗಿ ಮನದಟ್ಟಾಯಿತು.

ಅಲಂಕಾರದ ಭಾಗವನ್ನು ಇಲ್ಲಿ ವಿಸ್ತರಿಸಬೇಕಾದ ಅಗತ್ಯವಿಲ್ಲ. ಆದರೂ ಎರಡು ಮಾತು ಹೇಳಬಹುದು. ಪುಟದ ರೂಪವನ್ನು ಅದರ ವಿಷಯದಿಂದ ಬೇರ್ಪಡಿಸಿ ಇನ್ನೊಂದು ಕಡತದಲ್ಲಿರಿಸುವ ಸಿಎಸ್‌ಎಸ್ ಪದ್ಧತಿಯನ್ನು 1994ರಲ್ಲಿ ಹೋಕನ್ ವಿಯುಮ್ ಲೀ ಎಂಬ ನಾರ್ವೆ ದೇಶದವರು ಸೂಚಿಸಿದರು. 1996ರಲ್ಲಿ ಅದು ಪ್ರಮಾಣಭೂತವಾಯಿತು. ಮಾಸ್ತರರ ಹಳೆಯ ತಾಣದಲ್ಲಿ ಇಂಥ ಪ್ರತ್ಯೇಕತೆಯೇನೂ ಇರಲಿಲ್ಲ. ಎಲ್ಲವನ್ನೂ ಎಂಟುನೂರು ಚುಕ್ಕೆ ಅಗಲದ ಕೋಷ್ಟಕವೊಂದರಲ್ಲಿ ಬಿಗಿಯಲಾಗಿತ್ತು. ಫೋನಿನಲ್ಲಿ ಅದು ಕಿಟಕಿಯಿಂದ ಹೊರಕ್ಕೆ ಚಾಚಿದ ಮಂಚದಂತೆ ಕಾಣುತ್ತಿತ್ತು. ಆ ಕೋಷ್ಟಕವನ್ನು ಕಿತ್ತೆಸೆದು, ಅಲಂಕಾರವಿಲ್ಲದ ಬರಿಯ ಬರಹವನ್ನು ತೆರೆದರೆ, ಫೋನು ಅಗಲವನ್ನು ತಿಳಿದುಕೊಳ್ಳುವ ಒಂದು ಸಾಲನ್ನು ಸೇರಿಸಿದ್ದೇ ತಡ, ಅದು ಯಾವ ಪರದೆಗಾದರೂ ತಾನಾಗಿಯೇ ಹೊಂದಿಕೊಂಡಿತು. ಸರ್ನ್‌ನ ಆದಿಪುಟವೂ ಅಂಥ ಬರಿಯ ಬರಹವೇ. ಅದು ಇಂದಿನ ಫೋನಿನಲ್ಲಿಯೂ ತೆರೆದುಕೊಳ್ಳುತ್ತದೆ. ಎರಡನೆಯದು ಸಾಲುಗಳ ನಡುವಣ ಅಂತರ. ಇಂಗ್ಲಿಷ್ ಕೈಪಿಡಿಯ ಉದಾಹರಣೆಯಲ್ಲಿದ್ದ ಅಂತರವನ್ನು ಹಾಗೆಯೇ ಇರಿಸಿದಾಗ ಮೇಲಿನ ಸಾಲಿನ ‘ರಾಷ್ಟ್ರ’ದ ಒತ್ತುಗಳು ಕೆಳಗಿನ ಸಾಲಿನ ಗುಡಿಸುಗಳ ಮೇಲೆ ಕುಳಿತವು. ಕನ್ನಡಕ್ಕೆ ಕೆಳಗೂ ಮೇಲೂ ಜಾಗ ಬೇಕು. ಹಳದಿಯ ಮೇಲಿನ ಕೆಂಪು ಹೋಗಿ ಬಿಳಿಯ ಮೇಲೆ ಕಪ್ಪು ಬಂದಿತು. ‘ಸುಸ್ವಾಗತ’ವು ಹರಿಯುವುದನ್ನು ನಿಲ್ಲಿಸಿತು.

ಪದಗಳನ್ನು ಅಕಾರಾದಿಯಾಗಿ ಜೋಡಿಸುವಾಗ ಒಂದು ಜಗಳವೇ ನಡೆಯಿತು. ಅದಕ್ಕೆಂದು ಮಾಸ್ತರರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಐದಾರು ಸಾಲುಗಳನ್ನು ಬರೆಯಲು ಕಲಿತರು. 1995ರಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತೇ ದಿನಗಳಲ್ಲಿ ಅದರ ಮೊದಲ ರೂಪವನ್ನು ಸಿದ್ಧಪಡಿಸಿದರಂತೆ. ಕಲಿಯಲು ಮಾಸ್ತರರಿಗೆ ಎರಡು ತಿಂಗಳು ಹಿಡಿಯಿತು. ಜೋಡಿಸಿದ ಪಟ್ಟಿಯಲ್ಲಿ ‘ಕಳೆ’ ಎಂಬುದು ‘ಕವಣೆ’ಗಿಂತ ಮುಂದೆ ಬಂದಿತ್ತು. ಕನ್ನಡ ವರ್ಣಮಾಲೆಯಲ್ಲಿ ಳಕಾರವು ಹಕಾರದ ನಂತರ, ಎಲ್ಲಕ್ಕೂ ಕಡೆಗೆ ಬರುವುದೆಂಬುದು ವಾಚಕರಿಗೆ ತಿಳಿದೇ ಇದೆ. ಹಾಗಾಗಿ ಕವಣೆಯ ಅನಂತರವೇ ಕಳೆ ಬರತಕ್ಕದ್ದು. ಯುನಿಕೋಡಿನ ಓಣಿಯಲ್ಲಿಯಾದರೋ ಭಾರತೀಯ ಲಿಪಿಗಳನ್ನೆಲ್ಲ ದೇವನಾಗರಿಯ ಸಾಲಿಗೆ ಸಮಾನಾಂತರವಾಗಿ ಹಂಚಿದುದರಿಂದ ಳಕಾರದ ಮನೆ ಲಕಾರದ ಪಕ್ಕದಲ್ಲಿಯೇ ಇದೆ. ಸಂಖ್ಯೆಯನ್ನಷ್ಟೇ ನೋಡಿ ಜೋಡಿಸಿದರೆ ಕಳೆಯೇ ಮುಂದೆ ಬರುತ್ತದೆ. “ಹೆಚ್ಚಿನವರಿಗೆ ಗೊತ್ತಾಗೂದಿಲ್ಲ ಬಿಡು ಅಜ್ಜಾ” ಎಂದು ಮೊಮ್ಮಗಳು ಸಮಾಧಾನ ಹೇಳಿದಳು. ಮಾಸ್ತರರು ಬಿಡಲಿಲ್ಲ. ವರ್ಣಮಾಲೆಯನ್ನು ಅಕಾರದಿಂದ ಳಕಾರದವರೆಗೆ ಕೈಯಾರೆ ಬರೆದು, ಇದೇ ಕ್ರಮದಲ್ಲಿ ಜೋಡಿಸತಕ್ಕದ್ದೆಂದು ಯಂತ್ರಕ್ಕೆ ಆಜ್ಞಾಪಿಸಿದರು. ಕಳೆಯು ತನ್ನ ಸ್ಥಾನಕ್ಕೆ ಹೋಯಿತು.

ನವೆಂಬರ್ ತಿಂಗಳಿನಲ್ಲಿ ಪರೀಕ್ಷೆಗೆಂದು ಮೊದಲ ನೂರು ಪದಗಳ ಪುಟವನ್ನು ಗುಮಾಸ್ತನಿಗೆ ಕಳುಹಿಸಿದರು. ಅವನು ಮರುದಿನವೇ ಕರೆದನು. ಧ್ವನಿಯಲ್ಲಿ ಸಂತೋಷವಿತ್ತು; ಜೊತೆಗೆ ಎರಡು ಫಿರ್ಯಾದುಗಳೂ ಇದ್ದವು. ಒಂದು: ಶೀರ್ಷಿಕೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿದ್ದರೇ ಹೊರತು ಶೀರ್ಷಿಕೆಯ ಗುರುತನ್ನು ಹಚ್ಚಿರಲಿಲ್ಲ. ಕಣ್ಣಿದ್ದವರಿಗೆ ದೊಡ್ಡದು ಕಂಡರೆ ಸಾಕು. ಅವನಾದರೋ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತ ಬೇಕಾದ ಅಕ್ಷರವನ್ನು ಹುಡುಕುವವನು, ಗುರುತಿಲ್ಲದಿದ್ದರೆ ಆದಿಯಿಂದ ಅಂತ್ಯದವರೆಗೆ ಎಲ್ಲವನ್ನೂ ಕೇಳುತ್ತ ಕೂರಬೇಕು. ಇನ್ನೊಂದು: “ಗುರುಗಳ, ಕೆಲವು ಕಡೆ ‘ಕು ಸೊನ್ನೆ ಟೆ’ ಅಂತ ಓದತೈತ್ರಿ. ಕುಂಟೆ ಅನ್ನೂದು ಅದು?”

ಇದು ಮಾಸ್ತರರನ್ನು ಬಹುವಾಗಿ ಕಾಡಿತು. ಪರದೆಯ ಮೇಲೆ ‘ಕುಂಟೆ’ ಸರಿಯಾಗಿಯೇ ಕಾಣುತ್ತಿತ್ತು. ಎರಡು ದಿನ ತಲೆಕೆಡಿಸಿಕೊಂಡ ಬಳಿಕ ದೋಷವು ತಮ್ಮದೇ ಎಂದು ತಿಳಿಯಿತು. ಹೊಸದಾಗಿ ತಾವು ಕೈಯಾರೆ ಸೇರಿಸಿದ ಪದಗಳಲ್ಲಿ ಅನುಸ್ವಾರದ ಬಿಂದುವಿನ ಬದಲಾಗಿ ಕನ್ನಡದ ಅಂಕಿಯಾದ ಸೊನ್ನೆಯನ್ನು ಒತ್ತಿದ್ದರು. ಎರಡೂ ದುಂಡಗೆ ಒಂದೇ ಬಗೆಯಾಗಿ ಕಾಣುತ್ತವೆ. ಕಣ್ಣು ಮೋಸಹೋಗುತ್ತದೆ, ಕಿವಿ ಹೋಗುವುದಿಲ್ಲ. ಅಂಥವು ನಲವತ್ತಕ್ಕೂ ಹೆಚ್ಚು ಇದ್ದವು. ಒಂದೊಂದನ್ನೂ ಹುಡುಕಿ ತಿದ್ದಿದರು.

ತಿದ್ದುವಾಗ ಮೂಲವನ್ನು ನೋಡಬೇಕಾಗಿ ಬಂದು, ಅಟ್ಟದ ಮೇಲಿದ್ದ ಬಿಸ್ಕೀಟಿನ ಡಬ್ಬಿಗಳು ಕೆಳಗಿಳಿದವು. ಚೀಟಿಗಳ ಮುಂಭಾಗದಲ್ಲಿ ಪದವೂ ಅರ್ಥವೂ ಇದ್ದವು. ಹಿಂಭಾಗದಲ್ಲಿ, ನಿಯಮದಂತೆ, ಹೇಳಿದವರು ಯಾರೆಂಬುದನ್ನು ಮಕ್ಕಳು ಬರೆದಿದ್ದರು. 2003ರಲ್ಲಿ ಬೆರಳಚ್ಚು ಮಾಡಿಸುವಾಗ ಹಿಂಭಾಗವನ್ನು ಯಾರೂ ತಿರುಗಿಸಿರಲಿಲ್ಲ. ತಾಣದಲ್ಲಿ ‘ಸಂಗ್ರಹ’ ಎಂಬುದರ ಮುಂದೆ ಮಾಸ್ತರರ ಹೆಸರೊಂದೇ ಇಪ್ಪತ್ತು ವರ್ಷ ರಾರಾಜಿಸಿತ್ತು. ಅದಕ್ಕಿಂತ ಹೆಚ್ಚಾಗಿ ಅವರನ್ನು ನೋಯಿಸಿದುದು ಇನ್ನೊಂದು. ಗಂಡಸರು ಹೇಳಿದ ಪದಗಳ ಹಿಂದೆ ಹೆಸರು, ಅಡ್ಡಹೆಸರು, ಊರು ಎಲ್ಲವೂ ಇದ್ದವು. ಹೆಂಗಸರು ಹೇಳಿದ ಪದಗಳ ಹಿಂದೆ ಬಹುತೇಕ ‘ಅವ್ವ’, ‘ಅಮ್ಮ’, ‘ಅತ್ತಿ’ ಎಂದಷ್ಟೇ ಇತ್ತು. ಒಳಮನೆಯ, ಬೀಸುಕಲ್ಲಿನ, ಕಾಳು ಹಸನು ಮಾಡುವ ಪದಗಳೆಲ್ಲ ಅವರವೇ. ಬಾಲಕನಿಗೆ ತಾಯಿಯು ಅವ್ವನೇ. ಹೆಸರು ಬರೆಯಬೇಕೆಂದು ಅವನಿಗೆ ತೋಚದಿದ್ದರೆ ಸೋಜಿಗವಿಲ್ಲ. ಕೇಳಬೇಕಾಗಿದ್ದವರು ಮಾಸ್ತರರು. ಅವರು ಪದಕ್ಕೆ ಪೂರ್ಣ ಅಂಕಗಳನ್ನು ಕೊಟ್ಟು, ಚೀಟಿಯನ್ನು ಡಬ್ಬಿಗೆ ಹಾಕಿದ್ದರು.

ಹೊಸ ತಾಣದ ನಕ್ಷೆಯೇ ಆ ರಾತ್ರಿ ಬದಲಾಯಿತು. ಪದ, ಅರ್ಥಗಳ ಕೆಳಗೆ ‘ಹೇಳಿದವರು’ ಎಂಬ ಮೂರನೆಯ ಸಾಲು ಸೇರಿತು. ಮುಖಪುಟದಲ್ಲಿದ್ದ ಭಾವಚಿತ್ರವು ಚಿಕ್ಕದಾಗಿ ಕಡೆಯ ಪುಟಕ್ಕೆ ಹೋಯಿತು. ಸನ್ಮಾನಗಳ ಪಟ್ಟಿಯು ಎಲ್ಲಿಯೂ ಉಳಿಯಲಿಲ್ಲ. ತಾಣವನ್ನು ತೆರೆದೊಡನೆ ಈಗ ಪದಗಳೇ ಎದುರಾಗುತ್ತವೆ. ಬಳಿಕ ಹಳೆಯ ಹಾಜರಿಪಟ್ಟಿಗಳ ನೆರವಿನಿಂದ ಮಾಸ್ತರರು ಒಬ್ಬೊಬ್ಬ ಶಿಷ್ಯನನ್ನೂ ಹುಡುಕಿ ಕರೆಮಾಡತೊಡಗಿದರು: ನಿಮ್ಮ ತಾಯಿಯವರ ಹೆಸರೇನು, ಅದನ್ನು ಹಾಕಬಹುದೇ? ಕೆಲವರು ಸುಮ್ಮನಾದರು. ಕೆಲವರು ಬೇಡವೆಂದರು, ಅಲ್ಲಿ ಊರಿನ ಹೆಸರನ್ನಷ್ಟೇ ಇರಿಸಲಾಯಿತು. ದಾವಣಗೆರೆಯಲ್ಲಿ ಅಂಗಡಿ ಇಟ್ಟ ಒಬ್ಬನು ಹೆಸರನ್ನು ಹೇಳಿ, “ಸರ್, ಅವ್ವನ ಹೆಸರು ರೇಶನ್ ಕಾರ್ಡ್ ಬಿಟ್ರ ಎಲ್ಲೂ ಬರದಿಲ್ಲರೀ” ಎಂದು ದೂರವಾಣಿಯನ್ನು ಇಟ್ಟುಬಿಟ್ಟನು.

ಈ ನಡುವೆ ತಾಣದ ವಿಳಾಸವನ್ನು ಹೊಸ ಜಾಗಕ್ಕೆ ತಿರುಗಿಸಲು ಅದರ ಕೀಲಿ ಯಾರ ಬಳಿಯಿದೆಯೆಂದು ವಿಚಾರಿಸಬೇಕಾಯಿತು. 2003ರಲ್ಲಿ ತಾಣವನ್ನು ಕಟ್ಟಿದ ಶಿಷ್ಯನು ಈಗ ಅಮೇರಿಕೆಯಲ್ಲಿದ್ದಾನೆ. ಅವನು ಕೀಲಿಯನ್ನು ಕಳುಹಿಸಿದನು. ಅದರೊಡನೆ ಬಂದ ಲೆಕ್ಕದ ಪುಟದಲ್ಲಿ ಪ್ರತಿವರ್ಷದ ಶುಲ್ಕವನ್ನೂ ಅವನೇ ತುಂಬುತ್ತ ಬಂದುದು ಕಾಣಿಸಿತು. ಮಾಸ್ತರರು ಅದು ಒಮ್ಮೆ ಕೊಟ್ಟರೆ ಮುಗಿಯುವ ಖರ್ಚೆಂದೇ ತಿಳಿದಿದ್ದರು. ಹಣವನ್ನು ಹಿಂದಿರುಗಿಸುವ ಮಾತನ್ನು ಎತ್ತಿದಾಗ ಅವನು, ತಾನು ಬರೆದುಕೊಟ್ಟಿದ್ದ ಹತ್ತು ಚೀಟಿಗಳು ಸಿಕ್ಕವೇ ಎಂದು ಕೇಳಿದನು. ಸಿಕ್ಕಿದ್ದವು. ಹತ್ತರಲ್ಲಿ ಏಳರ ಹಿಂದೆ ‘ಅಮ್ಮ’ ಎಂದಿತ್ತು.

2024ರ ಯುಗಾದಿಯ ಹೊತ್ತಿಗೆ ಹಕಾರದವರೆಗಿನ ಪದಗಳೆಲ್ಲ ಹೊಸ ಮನೆಯನ್ನು ಸೇರಿದ್ದವು. ಹಗೇವಿನ ಚೀಟಿಯನ್ನು ಮಾಸ್ತರರು ಬೇಕೆಂದೇ ಕಡೆಗೆ ಉಳಿಸಿಕೊಂಡಿದ್ದರು. ಹಿಂಭಾಗವನ್ನು ತಿರುಗಿಸಿದರೆ ಅಲ್ಲಿಯೂ ‘ಅವ್ವ’. ಗುಮಾಸ್ತನಿಗೆ ಕರೆಮಾಡಿದರು. ತಾಯಿ ತೀರಿಕೊಂಡು ಹನ್ನೆರಡು ವರ್ಷಗಳಾಗಿದ್ದವು. ಕಂದೀಲು ಇಳಿಬಿಡುವ ಮಾತನ್ನು ಅವಳು ಕೇವಲ ಎಚ್ಚರಿಕೆಗೆಂದು ಹೇಳಿರಲಿಲ್ಲವೆಂಬುದನ್ನು ಅವನು ಅಂದು ಮೊದಲ ಬಾರಿಗೆ ತಿಳಿಸಿದನು. ಅವಳ ಅಣ್ಣನೊಬ್ಬನು ಅವಸರಪಟ್ಟು ಹಗೇವಿಗೆ ಇಳಿದವನು ಮೇಲೆ ಬಂದಿರಲಿಲ್ಲ. ಹದಿನಾಲ್ಕರ ಬಾಲಕನು ಚೀಟಿಯಲ್ಲಿ ಅದನ್ನು ಬರೆದಿರಲಿಲ್ಲ, ಜಾಗವೂ ಇರಲಿಲ್ಲ.

ಮಾಸ್ತರರು ದೂರವಾಣಿಯನ್ನು ಇಡದೆಯೇ ಆ ಮಾತನ್ನು ಅರ್ಥದ ಕೆಳಗೆ ಸೇರಿಸಿದರು. ‘ಹೇಳಿದವರು’ ಎಂಬ ಸಾಲಿನಲ್ಲಿ ಅವನು ನುಡಿದಂತೆಯೇ ಅವನ ತಾಯಿಯ ಹೆಸರನ್ನು, ಊರನ್ನು ಬರೆದು ಪುಟವನ್ನು ಜಾಲಕ್ಕೆ ಏರಿಸಿದರು. ಆ ತುದಿಯಲ್ಲಿ ಅವನು ಪುಟವನ್ನು ಮತ್ತೆ ತೆರೆದುದೂ, ಯಂತ್ರದ ಧ್ವನಿಯು ಹಗೇವಿನಿಂದ ಹಿಡಿದು ಕಂದೀಲಿನವರೆಗೆ ಓದಿದುದೂ ಮಾಸ್ತರರಿಗೆ ಕೇಳಿಸುತ್ತಿತ್ತು. ಹೆಸರಿನ ಬಳಿ ಬಂದು ಅದು ಒಮ್ಮೆ ತಡವರಿಸಿತು.

ಅವನು ಸ್ವಲ್ಪ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ಮೆಲ್ಲಗೆ, “ಗುರುಗಳ, ಅವ್ವನ ಹೆಸರಿನಾಗ ಸೊನ್ನೆ ಬಂತರೀ” ಎಂದನು.

ಮಾಸ್ತರರು ಕನ್ನಡಕವನ್ನು ಒರೆಸಿಕೊಂಡು ಸೊನ್ನೆಯನ್ನು ಅಳಿಸಿ ಬಿಂದುವನ್ನು ಇಟ್ಟರು. “ಈಗ ಓದಿಸು” ಎಂದರು.